ಪೊರೆ ಹಣ್ಣಾಗುವವರೆಗೆ

ಮೊನ್ನೆ ಮುಂಡರಗಿ ಸಂತೆಯಲ್ಲಿ ಸೀತಾಫಲದ ವಾಸನೆಗೆ ಕಾಲು ನಿಂತಿತು. ಒಂದನ್ನು ಎತ್ತಿಕೊಂಡೆ. ಅದಿನ್ನೂ ಹಣ್ಣಾಗಿಲ್ಲ, ಎರಡು ದಿನ ಇಡಬೇಕು ಎಂದಳು ಮಾರುವವಳು. ಯಾಕೋ ಕೊಳ್ಳುವ ಮನಸ್ಸೇ ಹೋಯಿತು. ಆಯಿ ನೆನಪಾದಳು...

ಬೆಟಗೇರಿಯ ಒಂದು ವೃದ್ಧಾಶ್ರಮದಲ್ಲಿ ನಾನು ಬಹಳ ವರ್ಷ ರೊಟ್ಟಿ ಬಡಿಯುತ್ತಿದ್ದೆ. ಆಯಿ ಅಲ್ಲಿದ್ದಳು. ಹರೆಯದಲ್ಲಿ ಮಗ್ಗದ ಮೇಲೆ ಸೀರೆ ನೇಯ್ದವಳು, ಮಕ್ಕಳಿಲ್ಲ. ಗಂಡ ತೀರಿದ ಮೇಲೆ ತಾನಾಗಿಯೇ ಬಂದು ಸೇರಿದ್ದಳು. ನನಗೆ ಸಂಬಂಧಿಯೇನಲ್ಲ. ಆದರೂ ನನ್ನ ರೊಟ್ಟಿಗೆ ಹೆಸರಿಟ್ಟು ಬೈಯುವ ಹಕ್ಕು ಅವಳೊಬ್ಬಳಿಗೇ ಇತ್ತು.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಯೋಣ ಎಂದು ಹಿಂದೆಂದೋ ಒಬ್ಬ ಡಾಕ್ಟರು ಹೇಳಿದ್ದರಂತೆ. ಆ ಕಾಲಕ್ಕೆ ಅದು ಸರಿಯಾದ ಮಾತೇ ಇದ್ದೀತು. ಆಯಿ ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು. ನಾವೂ ನಂಬಿದೆವು. ದಿನಾ ಬೆಳಿಗ್ಗೆ ಗೋಡೆ ಹಿಡಿದು ಅಡುಗೆಮನೆಗೆ ಬಂದು ಬೆಳಕಿಗೆ ಮುಖ ಎತ್ತುತ್ತಿದ್ದಳು.

"ನೋಡ ಯವ್ವಾ, ಹಣ್ಣಾತೇನು?"

ಹಿಟ್ಟಿನ ಕೈ ಒರೆಸಿಕೊಂಡು ನಾನು ಅವಳ ರೆಪ್ಪೆ ಎತ್ತಿ ನೋಡುತ್ತಿದ್ದೆ. "ಇನ್ನೂ ಚೂರು ಕರಿ ಐತಿ ಬೇ ಆಯಿ, ಪೂರಾ ಬೆಳ್ಳಗಾಗಿಲ್ಲ."

ಒಂದು ಸಲ ಅಂಗಳದಲ್ಲಿ ಎಡವಿ ಬಿದ್ದಳು. ಅಂದಿನಿಂದ ಅವಳ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಮೇಲ್ವಿಚಾರಕರು ಕೆಟ್ಟವರಲ್ಲ, ಮುದುಕಿ ಕಾಲು ಮುರಿದುಕೊಂಡರೆ ಗತಿಯೇನೆಂಬ ಹೆದರಿಕೆ ಅವರಿಗೆ. ಬಚ್ಚಲಿಗೆ ಹೋಗಬೇಕೆಂದರೂ ಆಯಿ ಬಾಗಿಲು ಬಡಿದು ಯಾರಾದರೂ ಬರುವವರೆಗೆ ಕಾಯಬೇಕು. ಎಲ್ಲರೂ ಪ್ರೀತಿಯಿಂದಲೇ ಕುಂಡ್ರು ಆಯಿ, ಕುಂಡ್ರು ಎನ್ನುವವರು. ಕುಳಿತೂ ಕುಳಿತೂ... ತನಗೆ ಬೇಕಾದದ್ದು ಇಷ್ಟೇ ಎನ್ನುತ್ತಿದ್ದಳು, ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬರುವುದು. ತಾಳಿದವನು ಬಾಳಿಯಾನು ಎಂದು ಸಮಾಧಾನ ಹೇಳುವವರಿಗೇನೂ ಕೊರತೆ ಇರಲಿಲ್ಲ. ಆ ಗಾದೆ ಕಟ್ಟಿದವನ ಕಣ್ಣು ನೆಟ್ಟಗಿದ್ದಿರಬೇಕು.

ಒಂದು ಮುಂಜಾನೆ ಅವಳ ಬಲಗಣ್ಣು ಕೆಂಡದಂತಾಗಿತ್ತು. ತಲೆ ಸಿಡಿಯುವ ನೋವು, ವಾಂತಿ. ಆಟೋದಲ್ಲಿ ಗದಗಿನ ಆಸ್ಪತ್ರೆಗೆ ಕರೆದೊಯ್ದೆ. ಪೊರೆ ಅತಿಯಾಗಿ ಬಲಿತು ಕಣ್ಣೊಳಗೆ ಒತ್ತಡ ಏರಿದೆ, ಈ ಕಣ್ಣು ಹೋಯಿತು, ಎಡಗಣ್ಣಿನ ಪೊರೆ ತೆಗೆದರೆ ಕಂಡೀತು ಎಂದರು ಡಾಕ್ಟರಮ್ಮ. ಹಣ್ಣಾಗಲೆಂದು ಕಾದಿದ್ದೆವು ಎಂದೆ.

"ಅದು ಹಳೇ ಕಾಲದ ಮಾತರಿ. ಈಗ ಹಣ್ಣಾಗೂತನಕ ಯಾರೂ ಕಾಯಂಗಿಲ್ಲ."

ಆಯಿ ಮೆಲ್ಲಗೆ ಕೇಳಿದಳು. "ಹಂಗಾರ ನಾ ಯಾತಕ್ಕ ಕಾದೆ?"

ಡಾಕ್ಟರಮ್ಮ ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಿ ಚೀಟಿ ಬರೆದರು.

ಎಡಗಣ್ಣಿನ ಪಟ್ಟಿ ಬಿಚ್ಚಿದಾಗ ನಾನು ಎದುರಿಗೇ ನಿಂತಿದ್ದೆ. ಆಯಿ ಪರಕೀಯಳನ್ನು ನೋಡಿದ ಹಾಗೆ ನೋಡುತ್ತಲೇ ಇದ್ದಳು. ಗುರುತು ಹತ್ತಲಿಲ್ಲವೆಂದು ನಾನೇ ಮಾತಾಡಿಸಿದೆ. ದನಿ ಕೇಳಿ ಗಾಬರಿಯಿಂದ ನನ್ನ ತಲೆ ಸವರಿದಳು.

"ಯವ್ವಾ, ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು?"

ನಗಲು ಹೋದೆ, ಅಳು ಬಂತು. ಅವಳ ಕಣ್ಣಿನಲ್ಲಿ ನಾನಿನ್ನೂ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯಾಗಿಯೇ ಉಳಿದಿದ್ದೆ.

ಆಮೇಲೆ ಅವಳ ಕೋಣೆಗೆ ಚಿಲಕ ಹಾಕುವುದನ್ನು ಬಿಟ್ಟರು. ತಾನೇ ಬಚ್ಚಲಿಗೆ ಹೋಗಿ ಬರುತ್ತಿದ್ದಳು, ರೊಟ್ಟಿ ಸುಟ್ಟಿದ್ದನ್ನು ದೂರದಿಂದಲೇ ಕಂಡು ಬೈಯುತ್ತಿದ್ದಳು. ಆ ಸುಖ ಒಂದು ಚಳಿಗಾಲದ ಮಟ್ಟಿಗೆ ಮಾತ್ರ...

ಈಗ ಆಯಿ ಇಲ್ಲ. ಅವಳನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ತೀರಿಸಲಿ? ಅವಳಿಗೆ ಕೆಟ್ಟದ್ದು ಬಯಸಿದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.