ಮೇಲಿನ ಗೇಟಿನ ನೀರು

ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ ಆ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಊರು ಅದನ್ನು ಮರೆತು ಬಹಳ ಕಾಲವಾಗಿತ್ತು. ಹೆಂಡತಿಗೂ ಅದು ನೆನಪಾಗಬೇಕಾದರೆ ಸ್ವಲ್ಪ ತಲೆ ಕೆರೆದುಕೊಳ್ಳಬೇಕಿತ್ತು. ಎಲ್ಲರ ಬಾಯಲ್ಲೂ ಅವನು ಮೂಗಣ್ಣ. ಮೂಗೇನೂ ದೊಡ್ಡದಲ್ಲ, ಮುಖಕ್ಕೆ ತಕ್ಕಷ್ಟೇ ಇತ್ತು. ಅದರ ಖ್ಯಾತಿ ಮಾತ್ರ ದೊಡ್ಡದು. ಆಚೆ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳಲು ಬಾಯಿ ತೆರೆದರೆ ಇವನಿಗೆ ಇಲ್ಲಿ ಸೀನು ಬರುತ್ತಿತ್ತಂತೆ. ಪಕ್ಕದ ಮನೆಯಾಕೆ ಸೋಪು ಬದಲಿಸಿದ ದಿನ, ಅವಳ ಗಂಡನಿಗೆ ಗೊತ್ತಾಗುವ ಮೊದಲೇ ಗೋಡೆಯಾಚೆಯಿಂದ "ಹಳೇದೇ ಚೆನ್ನಾಗಿತ್ತು ಕಣಮ್ಮಾ" ಎಂದು ಕೂಗಿದ್ದನಂತೆ. ಈ ಕತೆಗಳಲ್ಲಿ ಅರ್ಧ ಸುಳ್ಳು. ಉಳಿದರ್ಧ ಅವನೇ ಹಬ್ಬಿಸಿದ್ದು.

ಇಷ್ಟು ಮಾತ್ರ ನಿಜ: ಆ ಊರು ಯಾವ ನೀರು ಕುಡಿಯಬೇಕೆಂದು ತೀರ್ಮಾನಿಸುತ್ತಿದ್ದುದು ಆ ಮೂಗೇ.

ಊರಿಗೆ ನೀರು ಸರೋವರದಿಂದ. ನೀರಿನ ನಡುವೆ ಕಾಂಕ್ರೀಟಿನ ಗೋಪುರ; ಅದಕ್ಕೆ ಮೂರು ಆಳದಲ್ಲಿ ಮೂರು ಗೇಟು. ಮೇಲಿನದು, ನಡುವಿನದು, ತಳದ್ದು. ಪಂಪ್‌ಹೌಸಿನ ಗೋಡೆಯಲ್ಲಿ ಗೇಟಿಗೊಂದು ಸಣ್ಣ ನಲ್ಲಿ. ದಿನಾ ಬೆಳಗ್ಗೆ ಮೂಗಣ್ಣ ಒಂದೊಂದರಿಂದಲೂ ಗಾಜಿನ ಲೋಟಕ್ಕೆ ನೀರು ಹಿಡಿದು, ಅಂಗೈ ಮುಚ್ಚಿ ಕುಲುಕಿ, ಕಣ್ಣುಮುಚ್ಚಿ ಮೂಸುತ್ತಿದ್ದ. ವಾಸನೆ ಕಡಿಮೆ ಇದ್ದ ಗೇಟು ತೆರೆಯುತ್ತಿತ್ತು. ಆ ಲೋಟವನ್ನು ತಾನೇ ಗಟಗಟ ಕುಡಿದು, ಬಾಗಿಲಲ್ಲಿ ಬಾಲ ಆಡಿಸುತ್ತ ಕೂತಿರುತ್ತಿದ್ದ ಬೀದಿನಾಯಿಗೆ "ಊರಿಗೆ ಆಗಬಹುದು, ಮೇಸ್ತ್ರಿ" ಎಂದು ವರದಿ ಒಪ್ಪಿಸುತ್ತಿದ್ದ. ಮೇಸ್ತ್ರಿ ಅಂದರೆ ಆ ನಾಯಿ. ಎಲ್ಲರ ಕೆಲಸವನ್ನೂ ನೋಡುತ್ತ ಕೂರುತ್ತಿದ್ದುದರಿಂದ ಆ ಹೆಸರು.

ಸರೋವರಕ್ಕೆ ಕಾಲಕ್ಕೊಂದು ವಾಸನೆ. ಗಾಳಿ ಬೀಸುವ ಚಳಿ ತಿಂಗಳುಗಳಲ್ಲಿ ನೀರು ಕಂದಾಗಿ ಹಸಿ ಮೀನಿನಂತೆ ನಾರುತ್ತಿತ್ತು. ಬಿಸಿಲೇರಿದಂತೆ ಹಸಿರಾಗಿ ಒದ್ದೆಮಣ್ಣಿನಂತೆ. ನೀರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಲ್ಯಾಬ್ ಮೇಡಂ ಒಮ್ಮೆ ಇವನನ್ನು ಕರೆದು ತೋರಿಸಿದ್ದಳು. ಹನಿಯೊಳಗೆ ಗಾಜಿನ ಡಬ್ಬಿಗಳಂಥ ಪುಟಾಣಿ ಪಾಚಿಗಳು.

"ಇವೇ ನೋಡಿ ಅಣ್ಣ, ನಿಮ್ಮ ಮೀನಿನ ವಾಸನೆ. ಗಾಜಿನ ಅಂಗಿ ತೊಟ್ಟಿರ್ತಾವೆ, ಭಾರ. ಗಾಳಿ ನೀರನ್ನ ಕಲಕ್ತಾ ಇದ್ರೆ ತೇಲ್ತಾವೆ. ಗಾಳಿ ನಿಂತ್ರೆ ತಳ ಸೇರ್ತಾವೆ."

"ಥೇಟ್ ನಮ್ಮ ಆಫೀಸಿನವರೇ ಬಿಡಿ. ಯಾರಾದ್ರೂ ಕಲಕ್ತಾನೇ ಇರ್ಬೇಕು."

ಆ ವರ್ಷ ಗಾಳಿ ನಿಂತಿತು.

ಮೊದಲು ಧಾರಾಕಾರ ಮಳೆ ಬಂದು ಹೊಲಗಳ ಗೊಬ್ಬರವನ್ನೂ ಊರಿನ ಸೋಪಿನ ನೀರನ್ನೂ ಸರೋವರಕ್ಕೆ ಗುಡಿಸಿ ಹಾಕಿತು. ಆಮೇಲೆ ಬಿಸಿಲು. ಎಂಥ ಬಿಸಿಲು ಅಂದರೆ, ನೆರಳು ಕೂಡ ನೆರಳು ಹುಡುಕಿಕೊಂಡು ಹೋಯಿತು. ಹಕ್ಕಿಯೊಂದರ ಗರಿ ನೀರಿನ ಮೇಲೆ ಬಿದ್ದು, ಗೋಡೆಗೆ ಹೊಡೆದ ಮೊಳೆಯಂತೆ ಅಲ್ಲೇ ನಿಂತುಬಿಟ್ಟಿತು. ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೇ ಮನೆಯಲ್ಲಿದ್ದೂ ಎರಡೂ ಬೆರೆಯಲೊಲ್ಲವು. ಉಸಿರಾಡಲು ಗಾಳಿ ತಲುಪದೆ ತಳದ ನೀರು ಕೊಳೆತ ಮೊಟ್ಟೆಯಂತೆ ನಾರತೊಡಗಿತು. ನಡುವಿನದು ಕೆಸರು ಕೆಸರು. ಮೂಗಣ್ಣ ಬೇರೆ ದಾರಿಯಿಲ್ಲದೆ ನಡುವಿನ ಗೇಟು ತೆರೆದಿಟ್ಟಿದ್ದ.

ಊರು ಸುಮ್ಮನಿರುತ್ತದೆಯೇ? ಕ್ಷೌರಿಕ ಕತ್ತರಿ ನಿಲ್ಲಿಸಿ, "ಏನಣ್ಣ, ನೆಗಡಿನಾ?" ಅಂದ. ಮನೆಯಲ್ಲಿ ಹೆಂಡತಿ, "ಊರಿಗೆಲ್ಲ ಮೂಗು, ಮನೆಗೆ ನಾತ" ಎಂದು ಬಿಂದಿಗೆ ಕುಕ್ಕಿದಳು. ಅದನ್ನೂ ಅವನು ನುಂಗಿಕೊಂಡಾನು. ನುಂಗಲಾಗದ್ದು ಬೇರೆ ಇತ್ತು. ಹೆರಿಗೆಗೆಂದು ಬಂದಿದ್ದ ಮಗಳಿಗೆ ಎದೆಹಾಲು ಸಾಲದು. ಪುಡಿಹಾಲು ಕಲಸಿ ಬಾಟಲಿ ಬಾಯಿಗಿಟ್ಟರೆ ಹಸುಗೂಸು ಮುಖ ತಿರುಗಿಸುತ್ತಿತ್ತು.

"ನಿಮ್ಮ ಮೂಗೇ ಬಂದಿದೆ ಅಪ್ಪ ಇವಳಿಗೆ. ನೀರಿನ ವಾಸನೆಗೆ ಮುಟ್ಟೋದೇ ಇಲ್ಲ. ಮೈ ನೋಡಿ, ಕಡ್ಡಿ ಆಗಿದಾಳೆ."

"ಒಳ್ಳೇ ನೀರು ಕಳಿಸ್ತೀನಿ ನನ್ನ ರಾಣಿಗೆ, ತಾಳು" ಎಂದ ಮೂಗಣ್ಣ. ಮೊಮ್ಮಗಳಿಗೆ ತನ್ನ ಮೂಗು ಬಂದಿದೆ ಎಂಬುದು ಅವನಿಗೆ ಒಳಗೊಳಗೇ ಹಿಗ್ಗು.

ಅಂದು ಸಂಜೆ ಲ್ಯಾಬ್ ಮೇಡಂ ಹಸಿರು ನೀರಿನ ಬಾಟಲಿ ಹಿಡಿದು ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಏನೇ ಆಗ್ಲಿ, ಮೇಲಿನ ಗೇಟು ಮುಟ್ಟಬೇಡಿ ಅಣ್ಣ. ಇಂಥ ನಿಂತ ನೀರಿಗೇ ಕಾಯ್ತಾ ಇರೋ ಪಾಚಿ ಒಂದಿದೆ. ಮೈಯೊಳಗೆ ಗಾಳಿ ತುಂಬ್ಕೊಂಡು ಬೆಳಗಾಗೋದ್ರೊಳಗೆ ಮೇಲೆ ಬಂದು ಕೂತಿರುತ್ತೆ. ವಿಷದ್ದೋ ಅಲ್ವೋ, ಪರೀಕ್ಷೆ ಆಗ್ಬೇಕು. ಅಲ್ಲಿವರೆಗೂ ನಾತ ಇದ್ರೂ ನಡುವಿನದೇ ಇರ್ಲಿ."

"ವಿಷ ಇದ್ರೆ ನನಗೆ ವಾಸನೆ ಬಡೀದೆ ಇರುತ್ತಾ ಮೇಡಂ?"

"ವಿಷ ನಿಮ್ಮ ಮೂಗಿನ ಅಪ್ಪಣೆ ಕೇಳಿ ಬರಲ್ಲ ಅಣ್ಣ."

ಮಾತು ಚುಚ್ಚಿತು. ಮಾರನೆಯ ಬೆಳಗ್ಗೆ ಬರಿ ನೋಡೋಣ ಎಂದು ಮೇಲಿನ ನಲ್ಲಿಯ ನೀರು ಹಿಡಿದ. ಕುಲುಕಿದ. ಮೂಸಿದ. ಮೊಟ್ಟೆಯಿಲ್ಲ, ಕೆಸರಿಲ್ಲ. ಈಗ ತಾನೆ ಕತ್ತರಿಸಿದ ಹುಲ್ಲಿನ ವಾಸನೆ! ಎಳೆಯದು, ತಂಪಾದದ್ದು. ಇನ್ನೊಮ್ಮೆ ಮೂಸಿದ, ಬರಿಯ ಸುಖಕ್ಕೆ. ನೀರಿನಲ್ಲಿ ಹಸಿರು ನುಚ್ಚು ತೇಲುತ್ತಿತ್ತು, ನಿಜ. ಅದಕ್ಕೇನು, ಮುಂದೆ ಕ್ಲೋರಿನ್ ಇದೆ, ಸಾಯಿಸುತ್ತದೆ. ಮರಳಿನ ತೊಟ್ಟಿ ಇದೆ, ಸೋಸುತ್ತದೆ. ಲೋಟ ಖಾಲಿ ಮಾಡಿದ.

"ಊರಿಗೆ ಆಗಬಹುದು, ಮೇಸ್ತ್ರಿ!"

ಮೇಸ್ತ್ರಿ ಆಗಲೇ ದಡಕ್ಕೆ ಹೋಗಿ ನೀರು ನೆಕ್ಕುತ್ತಿದ್ದ. ದಡದುದ್ದಕ್ಕೂ ಯಾರೋ ಹಸಿರು ಬಣ್ಣದ ಡಬ್ಬ ಮಗುಚಿದಂತಿತ್ತು. ಮೂಗಣ್ಣ ಚಕ್ರ ತಿರುಗಿಸಿ ನಡುವಿನ ಗೇಟು ಮುಚ್ಚಿ, ಮೇಲಿನದನ್ನು ತೆರೆದ. ಕೊಳವೆಯೊಳಗೆ ನೀರು ಗೊಳ್ಳೆಂದು ನಕ್ಕಂತೆ ಸದ್ದಾಯಿತು.

ಬಿಸಿಲೇರುವ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಬಟ್ಟೆ ಹಿಂಡಿದ ಹಾಗಾಗತೊಡಗಿತು. ರಾತ್ರಿಯ ಊಟದ ಮೇಲೆ ತಪ್ಪು ಹೊರಿಸಿದ. ಊಟದ ಡಬ್ಬಿ ತೆಗೆದು ಮೇಸ್ತ್ರಿಯನ್ನು ಕರೆದ. ಡಬ್ಬಿಯ ಮುಚ್ಚಳ ಸಡಿಲಾದರೆ ಸಾಕು, ಪಕ್ಕದೂರಿನಲ್ಲಿದ್ದರೂ ಓಡಿ ಬರುವ ನಾಯಿ ಬರಲಿಲ್ಲ. ಮತ್ತೆ ಕರೆದ. ಸರೋವರ ಅವನ ಕೂಗನ್ನು ನುಂಗಿ ಸುಮ್ಮನಾಯಿತು.

ಮೇಸ್ತ್ರಿ ದಡದಲ್ಲೇ ಮಲಗಿದ್ದ. ಕಾಲುಗಳು ಕೋಲಿನಂತೆ ನೆಟ್ಟಗೆ, ಮೂತಿಗೆ ಹಸಿರು ಮೆತ್ತಿತ್ತು. ಒಂದು ನೊಣವೂ ಸುಳಿದಿರಲಿಲ್ಲ. ಮೂಗಣ್ಣ ಬಗ್ಗಿ ಮೂಸಿದ. ಹುಲ್ಲು.

ಹಿಂದಿನಿಂದ ಮೇಡಂ ಏದುಸಿರು ಬಿಡುತ್ತ ಬಂದಳು. ಪರೀಕ್ಷೆ ಮುಗಿದಿತ್ತು. ನಾಯಿಯನ್ನು ನೋಡಿದಳು, ಇವನನ್ನು ನೋಡಿದಳು.

"ಯಾವ ಗೇಟು ಅಣ್ಣ?"

ಅವನ ಕಣ್ಣು ಪಂಪ್‌ಹೌಸಿನ ಚಕ್ರದತ್ತ ಹೋಯಿತು. ಆಕೆಗೆ ತಿಳಿಯಿತು.

"ಕ್ಲೋರಿನ್..." ಎಂದ ಅವನು.

"ಕ್ಲೋರಿನ್ ತಾಗಿದ ಕೂಡ್ಲೇ ಅವು ಒಡೀತಾವೆ. ಒಳಗಿರೋ ವಿಷ ನೀರಿಗಿಳಿಯುತ್ತೆ. ಮರಳು ಹಿಡಿಯೋದು ಬರೀ ಹೊಟ್ಟನ್ನ."

"ಕುದಿಸಿದ್ರೆ? ನಮ್ಮನೇಲಿ ಚೆನ್ನಾಗಿ ಕುದಿಸ್ತಾರೆ."

"ಕುದಿಸಿದ್ರೆ ನೀರು ಆವಿಯಾಗುತ್ತೆ. ವಿಷ ಉಳಿಯುತ್ತೆ."

ಆಕೆ ಗೇಟು ಮುಚ್ಚಿ, ಊರಿಗೆ ಸುದ್ದಿ ಮುಟ್ಟಿಸಲು ಫೋನಿನತ್ತ ಓಡಿದಳು. ಮೂಗಣ್ಣ ಸೈಕಲ್ ಹತ್ತಿದ. ಆ ದಿನ ಅವನು ತುಳಿದ ವೇಗಕ್ಕೆ ನೆರಳು ಹಿಂದೆ ಬಿದ್ದು ಮನೆಗೆ ತಡವಾಗಿ ಬಂತು ಎನ್ನುತ್ತಾರೆ. ದಾರಿಯಲ್ಲಿ ಕ್ಷೌರಿಕ ಲೋಟ ಎತ್ತಿ ತೋರಿಸಿ, "ಇವತ್ತು ನೀರು ಅಂದ್ರೆ ನೀರು, ಅಣ್ಣಾ!" ಎಂದು ಕೂಗಿದ. "ಕುಡೀಬೇಡ!" ಎಂದ ಮೂಗಣ್ಣ. ಕ್ಷೌರಿಕ ನಕ್ಕ. ಹಾಸ್ಯ ಅಂದುಕೊಂಡ.

ಬಾಗಿಲಲ್ಲೇ ಮಗಳು ತುಟಿಗೆ ಬೆರಳಿಟ್ಟಳು.

"ಶ್... ಈಗಷ್ಟೇ ಮಲಗಿದ್ಲು. ಬಾಟಲಿ ಪೂರ್ತಿ ಖಾಲಿ ಮಾಡಿದ್ಲು ಅಪ್ಪ! ಬಿಟ್ಟಿದ್ರೆ ಇನ್ನೂ ಕುಡೀತಿದ್ಲು."

"ಇವತ್ತು ನಿಮ್ಮ ಮೂಗು ಮಾನ ಉಳಿಸ್ಕೊಂಡಿತು ನೋಡಿ" ಎಂದು ಒಳಗಿನಿಂದ ಹೆಂಡತಿ ನಕ್ಕಳು.

"ಮಗೂನ ಎತ್ಕೋ" ಎಂದ ಮೂಗಣ್ಣ. "ಆಸ್ಪತ್ರೆಗೆ. ಏನೂ ಕೇಳಬೇಡ, ಎತ್ಕೋ."

ಮಗಳು ಕದಲದೆ ಅವನ ಮುಖ ನೋಡಿದಳು. ಅವನೇ ತೊಟ್ಟಿಲಿಗೆ ಬಾಗಿ ಮಗುವನ್ನು ಎತ್ತಿಕೊಂಡ. ಅರೆತೆರೆದ ಪುಟ್ಟ ಬಾಯಿ ಅವನ ಮೂಗಿನ ಹತ್ತಿರ ಬಂತು. ಉಸಿರು ಬೆಚ್ಚಗಿತ್ತು. ಮೊದಲು ಹಾಲಿನ ವಾಸನೆ. ಅದರ ಹಿಂದೆ, ಬೇರೆ ಯಾವ ಮೂಗಿಗೂ ಸಿಗದಷ್ಟು ಸಣ್ಣಗೆ, ಈಗ ತಾನೆ ಕತ್ತರಿಸಿದ ಹುಲ್ಲು.