ಅಮ್ಮನಿಗೆ ಪ್ರಾರ್ಥನೆ ಮರೆತ ಕಾಲ

ಆರಿಸಿದ ಮೇಣದ ಬತ್ತಿಯ ಹೊಗೆ ಮೂಗಿಗೆ ಬಡಿದರೆ ಸಾಕು, ಕೆಮ್ಮಣ್ಣು ಊರಿನ ನಮ್ಮ ಮನೆಯ ಚಾವಡಿಯಲ್ಲಿ ಮತ್ತೆ ಮೊಣಕಾಲೂರಿದ ಹಾಗಾಗುತ್ತದೆ. ನಿಮಗೂ ಅಂಥದೊಂದು ಚಾವಡಿ ಇದ್ದಿರಬಹುದು, ನಮ್ಮದು ಈಗಿಲ್ಲ. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂಜೆಯ ಜಪಸರ ಮುಗಿಯುತ್ತಿದ್ದಂತೆ ಅಮ್ಮ ಮರಿಯ ಮಾತೆಯ ಹೆಸರುಗಳನ್ನು ಒಂದೊಂದಾಗಿ ಬಾಯಿಪಾಠ ಹೇಳುವಳು; ಅಪ್ಪ, ಅಜ್ಜಿ, ನಾವು ಮಕ್ಕಳು ಪ್ರತಿ ಹೆಸರಿಗೂ ‘ನಮಗಾಗಿ ಪ್ರಾರ್ಥಿಸು’ ಎನ್ನುವೆವು. ಒಲೆಯ ಮೇಲಿನ ಮೀನುಸಾರಿನ ಪರಿಮಳಕ್ಕೆ ನಮ್ಮ ಉತ್ತರ ಓಡುತ್ತಿತ್ತು. ಅಮ್ಮನ ದನಿ ಮಾತ್ರ ಓಡಿದ್ದಿಲ್ಲ.

ಅಂಥ ಅಮ್ಮ, ಪ್ರಾಯ ಐವತ್ತರ ಹತ್ತಿರವಾದಾಗ, ನಡುವೆ ತಡವರಿಸತೊಡಗಿದಳು. ಹೇಳಿದ ಹೆಸರನ್ನೇ ಮತ್ತೆ ಹೇಳುವಳು. ಸಾರಿಗೆ ಎರಡು ಸಲ ಉಪ್ಪು ಹಾಕುವಳು. ಸೆಕೆಯಿಲ್ಲದ ಹೊತ್ತಿನಲ್ಲೂ ಬೆವರುವಳು. ಭಕ್ತಿ ಕಡಿಮೆಯಾಗಿ ಹೀಗಾಯಿತೆಂದು ತಾನೇ ತೀರ್ಮಾನಿಸಿ, ಭಾನುವಾರ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿಕೊಂಡಳು. ಪಾದ್ರಿಗಳು ಪ್ರಾಯಶ್ಚಿತ್ತವೆಂದು ಅದೇ ಪ್ರಾರ್ಥನೆಯನ್ನು ಇನ್ನೊಮ್ಮೆ ಹೇಳಲು ಕೊಟ್ಟರು. ಅದನ್ನೂ ಮುಗಿಸಲಾಗದೆ ಅಳುತ್ತಾ ಮನೆಗೆ ಬಂದಳು.

“ನನ್ನ ತಲೆ ಕೆಡ್ತಾ ಉಂಟು. ಇನ್ನು ನೀವೇ ಹೇಳಿ,” ಎಂದು ಜಪಸರವನ್ನು ಅಜ್ಜಿಯ ಮಡಿಲಲ್ಲಿಟ್ಟಳು.

ಅಜ್ಜಿ ಅಪ್ಪನ ತಾಯಿ, ಮುಚ್ಚುಮರೆ ಗೊತ್ತಿಲ್ಲದವಳು. “ಎಂತ ಕೆಡುವುದು? ಮುಟ್ಟು ನಿಲ್ಲುವ ಪ್ರಾಯ ಅಲ್ವಾ? ನನಗೂ ಹೀಗೇ ಆಗಿತ್ತು, ಆಮೇಲೆ ಸರಿಯಾಯಿತು. ನೀನೇ ಹೇಳು, ನಿಂತಲ್ಲಿ ನಾನು ಎತ್ತಿ ಕೊಡ್ತೇನೆ.” ಅಪ್ಪ ಬಾವಿಕಟ್ಟೆಯಲ್ಲಿ ಏನೋ ತುರ್ತು ಕೆಲಸವಿದ್ದವರಂತೆ ಎದ್ದು ಹೋದರು.

ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಎರಡು ಮೂರು ವರ್ಷಗಳಲ್ಲಿ ಅಮ್ಮನ ದನಿ ಮೊದಲಿನಂತಾಯಿತು. ಮುಂದೆ ನನಗೆ ಆ ಪ್ರಾಯ ಬಂದು, ಮಣಿಪಾಲದ ಡಾಕ್ಟರಮ್ಮ ಹಾರ್ಮೋನಿನ ಏರುಪೇರನ್ನು ವಿವರಿಸಿದಾಗ ನಾನು ಹೆದರಲಿಲ್ಲ. ಆ ಪಾಠ ನನಗೆ ಮನೆಯಲ್ಲೇ ಆಗಿತ್ತು.

ಮುಪ್ಪಿನ ಮರೆವು ಬೇರೆ. ಅದು ಕೊಂಡುಹೋದದ್ದನ್ನು ಹಿಂದೆ ಕೊಡುವುದಿಲ್ಲ. ಅಮ್ಮ ಚೇತರಿಸಿಕೊಂಡ ಮೇಲೆ ಅಜ್ಜಿ ಒಂದೊಂದನ್ನೇ ಕಳೆದುಕೊಂಡಳು: ಮೊದಲು ನಮ್ಮ ಹೆಸರುಗಳು, ಕೊನೆಗೆ ಆ ಚಿಕ್ಕ ಉತ್ತರ ಕೂಡ. ಅವಳನ್ನು ಒಳಗೆ ಮಲಗಿಸಿ ಪ್ರಾರ್ಥನೆ ಮಾಡಲು ಅಮ್ಮ ಒಪ್ಪಲಿಲ್ಲ. ಪಕ್ಕದಲ್ಲೇ ಕುಳ್ಳಿರಿಸಿಕೊಂಡು, ನಮ್ಮ ಉತ್ತರ ಮುಗಿದ ಮೇಲೂ ಒಂದು ಕ್ಷಣ ಕಾಯುವಳು. ಅಜ್ಜಿಯ ತುಟಿ ಅಲುಗದಿದ್ದರೆ ಅವಳ ಪಾಲಿನದನ್ನು ತಾನೇ ಮೆಲ್ಲಗೆ ಹೇಳಿ ಮುಂದಿನ ಹೆಸರಿಗೆ ಹೋಗುವಳು. ಎಷ್ಟು ಪ್ರೀತಿಯಿತ್ತು ಆ ಕಾಯುವಿಕೆಯಲ್ಲಿ!

ಅಜ್ಜಿಯನ್ನು ಮಣ್ಣು ಮಾಡಿ ಬಂದ ಸಂಜೆಯೂ ಅಮ್ಮ ಪ್ರತಿ ಹೆಸರಿನ ನಂತರ ಹಾಗೆಯೇ ಕಾದಳು. ನಾವೂ ಕಾದೆವು.