ಫೋಟೊದ ದಿನದ ಜ್ವರ

ಆ ಜ್ವರದ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ಬೆರಳ ತುದಿಯಿಂದ ಚರ್ಮ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಏಳುತ್ತಿದ್ದದ್ದು, ಕೂತು ಅದನ್ನು ಕಿತ್ತದ್ದು ಕಣ್ಣಿಗೆ ಕಟ್ಟಿದಂತಿದೆ. ಆ ಬೆರಳುಗಳು ಯಾರವು ಎಂಬುದರಲ್ಲೇ ಸಂಶಯ.

ಹೋದ ವರ್ಷ ಹೊನ್ನಾವರದಲ್ಲಿರುವ ತಂಗಿಗೆ ಎದೆನೋವು ಬಂತು. ಮಂಗಳೂರಿನಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಒಂದು ಕಡೆ ಬಲೂನಿನಂತೆ ಉಬ್ಬಿತ್ತು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಪಾಯವೆಂದು ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಬರೆದರು. ಬರೆಯುತ್ತಲೇ ಕೇಳಿದರು: "ಚಿಕ್ಕಂದಿನಲ್ಲಿ ತುಂಬ ದಿನ ಜ್ವರ, ಮೈಮೇಲೆ ಗಂಧೆ, ಕೆಂಪು ಕಣ್ಣು, ಬೆರಳಿನ ಚರ್ಮ ಸುಲಿಯುವುದು, ಹೀಗೇನಾದರೂ ಆಗಿತ್ತಾ?"

"ಅದು ಆಗಿದ್ದು ನನಗೆ" ಎಂದುಬಿಟ್ಟೆ. ಕುಮಟೆಯ ಕಾಲೇಜಿನಲ್ಲಿ ಪಾಠ ಮಾಡುವಾಗ ಹುಡುಗರು ಏನೇ ಹೇಳಿದರೂ ಆಧಾರ ಕೇಳುವವನು ನಾನು.

ಡಾಕ್ಟರ ಪೆನ್ನು ನಿಂತಿತು. "ಹಾಗಾದರೆ ಬೇರೆ ಕಾರಣ ಹುಡುಕಬೇಕು. ಮಾತ್ರೆ ಮಾತ್ರ ಬಿಡಬೇಡಿ."

ತಂಗಿ ತಿಂಗಳೊಳಗೆ ಬಿಟ್ಟಳು. "ಜ್ವರ ನಿಂಗೆ, ಮಾತ್ರೆ ಯಂಗಾ ಅಣ್ಣಾ? ಡಾಕ್ಟರಿಗೇ ಎಂತಕ್ಕೆ ಹೇಳಿ ಗೊತ್ತಿಲ್ಲೆ."

ಬೈದೆ, ಬೇಡಿಕೊಂಡೆ. ಕೇಳಲಿಲ್ಲ. ಕೊನೆಗೆ ಹುಟ್ಟೂರು ಕಾಯ್ಕಿಣಿಗೆ ಹೋಗಿ ತಾಯಿಯನ್ನು ಕೇಳಿದೆ.

"ಅದು ಅಮ್ಮ ಬಂದದ್ದಾಗಿತ್ತು. ಅಂಥಾ ಹೊತ್ತಲ್ಲಿ ಮದ್ದು ಕೊಡ್ಲಾಗ."

ಮೈಮೇಲೆ ಎದ್ದ ಗಂಧೆಯನ್ನು ಸಿಡುಬಿನ ದೇವಿ ಎಂದುಕೊಂಡಿದ್ದರು; ಹಾಗಾಗಿ ಡಾಕ್ಟರ ಚೀಟಿಯಿಲ್ಲ. ಹಾಸಿಗೆಯ ಸುತ್ತ ಬೇವಿನ ಸೊಪ್ಪು ಇಟ್ಟಿದ್ದರು, ಅಷ್ಟೇ.

"ಬಂದದ್ದು ಯಾರಿಗೆ?"

"ನೆನಪಿಲ್ಲೆ ಮಾರಾಯಾ. ಶಾಲೆ ಫೋಟೊದ ದಿನ ನಿಂಗ್ಳಲ್ಲಿ ಒಂದು ಮಲಗಿತ್ತು. ಹೊಸ ಅಂಗಿ ಹಾಗೇ ಉಳ್ದಿತ್ತು."

ಆ ದಿನ ನನಗೂ ನೆನಪಿತ್ತು. ಕಂಬಳಿಯೊಳಗಿಂದ ಮಕ್ಕಳ ಗಲಾಟೆ ಕೇಳಿದ್ದೆ. ಕೇಳಿದ್ದೆ ಎಂದುಕೊಂಡಿದ್ದೆ. ಊರಿನ ಶಾಲೆಗೆ ಹೋಗಿ ಗೋಡೆಯ ಮೇಲಿದ್ದ ಆ ಫೋಟೊ ಇಳಿಸಿ ನೋಡಿದರೆ, ಎರಡನೇ ಸಾಲಿನ ತುದಿಯಲ್ಲಿ ಹೊಸ ಅಂಗಿ ತೊಟ್ಟು ನಾನೇ ನಿಂತಿದ್ದೇನೆ. ತಂಗಿ ಎಲ್ಲೂ ಇಲ್ಲ. ಹಾಗಾದರೆ ನಾನು ಕೂತು ಕಿತ್ತದ್ದು ಅವಳ ಬೆರಳಿನ ಸಿಪ್ಪೆಯೇ?

ತಂಗಿಗೆ ಫೋನ್ ಮಾಡಿದರೆ ಅವಳಿಗೂ ಆಧಾರ ಕೇಳುವ ನನ್ನದೇ ರೋಗ: "ಅಷ್ಟೊತ್ತಿಗೆ ಯನ್ನ ಶಾಲೆಗೆ ಹಾಕಿತ್ತಾ? ಅದನ್ನ ಮೊದ್ಲು ನೋಡು. ಹಾಕಿದ್ದೇ ಹೌದಾದ್ರೆ ಆತು, ಇವತ್ತೇ ಮಾತ್ರೆ ನುಂಗ್ತೆ."

ದಾಖಲಾತಿ ಪುಸ್ತಕ ತೆಗೆಸಿದೆ. ಫೋಟೊದ ಕೆಳಗೆ ಬರೆದ ಇಸವಿಗಿಂತ ಒಂದು ವರ್ಷ ಮೊದಲೇ ಅವಳು ಒಂದನೇ ಇಯತ್ತೆಗೆ ಸೇರಿದ್ದಳು.